ಓಮ್ ನಿಯಮ ಮತ್ತು ಹಳೆಯ ಲಾರಿಯ ಡೀಸೆಲ್ ಪಂಪು

ಮೊರಬದ ಎರೆಹೊಲದ ದಾರಿಯಲ್ಲಿ ಹಳೆಯ ಡೀಸೆಲ್ ಲಾರಿಯೊಂದು ನಿಂತುಬಿಟ್ಟಿದೆ ಎಂದುಕೊಳ್ಳಿ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೊ (2008ರಿಂದ ಬಾಷ್) ಕಂಪನಿಯ ಹಳೆಯ ಪಂಪುಗಳು ಎಂಜಿನ್ನಿನ ಬಲದಿಂದಲೇ ತಿರುಗುತ್ತಿದ್ದವು; ವಿದ್ಯುತ್ತಿನ ಹಂಗಿರಲಿಲ್ಲ. ಮುಂದೆ ರೋಟರಿ ಪಂಪುಗಳಲ್ಲಿ ಸೊಲೆನಾಯ್ಡ್ ಕವಾಟ ಸೇರಿತು. ಅದಕ್ಕೆ ವಿದ್ಯುತ್ ಸಿಕ್ಕರಷ್ಟೇ ಡೀಸೆಲ್‌ಗೆ ದಾರಿ.

ಅದರ ತಂತಿ ಬಿಚ್ಚಿ ಮೀಟರ್ ಹಿಡಿದರೆ ಬ್ಯಾಟರಿಯ ಪೂರ್ತಿ 12 ವೋಲ್ಟ್ ಕಾಣುತ್ತದೆ. ನಂಬಬೇಡಿ! ಪ್ರವಾಹ ಹರಿಯದಾಗ ಕಿಲುಬು ಹಿಡಿದ ಸಂಪರ್ಕದಲ್ಲಿ ವೋಲ್ಟೇಜ್ ಇಳಿಯದು. ತಂತಿ ಜೋಡಿಸಿಯೇ ಅಳೆಯಿರಿ. ಸುರುಳಿಯ ರೋಧ 12 ಓಮ್, ಕಿಲುಬಿನದೂ 12 ಓಮ್ ಆದರೆ ಸುರುಳಿಗೆ ದಕ್ಕುವುದು 6 ವೋಲ್ಟ್ ಮಾತ್ರ. ಕವಾಟ ತೆರೆಯದೇ ಹೋಗಬಹುದು.

ಶಾಲಾ ಶಿಕ್ಷಕರಾಗಿದ್ದ ಜಾರ್ಜ್ ಓಮ್ 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ್ದು ಇದೇ ಲೆಕ್ಕವನ್ನು. ಜರ್ಮನಿಯ ಹಲವು ವಿದ್ವಾಂಸರು ಆಗ ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕವಿತ್ತದ್ದು 1841ರಲ್ಲಿ.