ತೋಟದ ಉಡುಪು: ಹಾಳೆಯಿಂದ ಪ್ಲಾಸ್ಟಿಕ್ಕಿನವರೆಗೆ

ಅರಸರ ಕಿರೀಟಗಳ ವರ್ಣನೆ ನಮ್ಮ ಇತಿಹಾಸ ಗ್ರಂಥಗಳಲ್ಲಿ ಬೇಕಾದಷ್ಟಿದೆ. ತೋಟದಲ್ಲಿ ದುಡಿದವನ ತಲೆಯ ಮೇಲೆ ಏನಿತ್ತೆಂದು ಬರೆದವರು ವಿರಳ. ನಾಡು ಬಿಟ್ಟು ಬಂದು ಪರಸ್ಥಳದಲ್ಲಿ ನೆಲಸಿರುವ ನಾವು ರಾಜ್ಯೋತ್ಸವದ ಈ ಸಮಯದಲ್ಲಿ ಆ ಚಿಕ್ಕ ಇತಿಹಾಸವನ್ನು ನೆನೆಯುವುದು ಉಚಿತವೆಂದು ತೋರುತ್ತದೆ.

ಮಲೆನಾಡು, ಕರಾವಳಿಗಳ ಅಡಕೆ ತೋಟದ ಕೆಲಸ ಮಳೆಗೆ ಹೆದರಿ ನಿಲ್ಲುವಂಥದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿ ಕೊಡೆ ಹಿಡಿದರೆ ಒಂದು ಕೈ ಕೊಡೆಗೇ ಹೋಯಿತು. ಗುದ್ದಲಿ ಹಿಡಿಯುವುದು ಹೇಗೆ? ಎರಡು ಕೈಗಳೂ ಬಿಡುವಾಗಿರಬೇಕು, ಬಗ್ಗಿದಾಗ ಬೆನ್ನು ನೆನೆಯಬಾರದು, ಬೆಲೆ ಬಡವನಿಗೆ ಎಟುಕಬೇಕು. ಈ ಮೂರು ಅಗತ್ಯಗಳಿಗೆ ತಕ್ಕಂತೆ ತೋಟದ ಉಡುಪು ರೂಪುಗೊಂಡಿತು.

ಮರದಿಂದ ತಾನಾಗಿ ಉದುರಿದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಮಡಚಿ ಹೊಲಿದರೆ ಹಾಳೆಟೋಪಿ. ತುಳುನಾಡಿನಲ್ಲಿ ಇದೇ ಮುಟ್ಟಾಳೆ. ಬಿಸಿಲು ಮಳೆಗಳನ್ನು ತಡೆಯುವುದಲ್ಲದೆ ತಲೆಹೊರೆಗೆ ಸಿಂಬೆಯಾಗಿಯೂ ಇದು ಒದಗುತ್ತದೆ. ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿದ ಗೊರಬು, ಬಗ್ಗಿ ಕೆಲಸ ಮಾಡುವವರ ತಲೆ ಬೆನ್ನುಗಳನ್ನು ಒಟ್ಟಿಗೆ ಮುಚ್ಚುತ್ತಿತ್ತು. ಕುರುಬರು ನೇಯ್ದ ಕರಿಯ ಕಂಬಳಿಯನ್ನು ಕೊಪ್ಪೆ ಮಾಡಿ ಹೊದೆಯುವವರೂ ಇದ್ದರು. ಹುಣಸೆಬೀಜದ ಗಂಜಿ ಕುಡಿದ ಕಂಬಳಿಯಲ್ಲಿ ನೀರು ಬೇಗ ಇಳಿಯದು. ಉಣ್ಣೆ ತೇವ ಹೀರಿಯೂ ಮೈಯನ್ನು ಬೆಚ್ಚಗಿಡುತ್ತದೆ. ಅಡಕೆಯ ಗೊನೆಗೂ ಇಂಥದೇ ಉಡುಪಿತ್ತು. ಕೊಳೆರೋಗ ತಗಲದಿರಲೆಂದು ಹಾಳೆ ಇಲ್ಲವೆ ಕರಡದ ಹುಲ್ಲಿನ ಕೊಟ್ಟೆಯನ್ನು ಅದಕ್ಕೆ ಕಟ್ಟುತ್ತಿದ್ದರು.

1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಸೆಣಬಿನ ಗಿರಣಿ ಆರಂಭವಾಯಿತು. ಗಿರಣಿಯ ಚೀಲ ಹಳ್ಳಿಹಳ್ಳಿಗೂ ಹಬ್ಬಿದ ಮೇಲೆ, ಅದರ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತೂರಿಸಿ ಗೋಣಿಕೊಪ್ಪೆ ಮಾಡಿಕೊಂಡರು. ಸೂಜಿ ಬೇಡ, ದರ್ಜಿಯೂ ಬೇಡ.

ಮುಂದಿನ ಬದಲಾವಣೆ ಔಷಧದಿಂದ ಬಂತು. ಫ್ರಾನ್ಸಿನ ದ್ರಾಕ್ಷಿತೋಟಗಳ ರೋಗಕ್ಕೆ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಚುರಪಡಿಸಿದ್ದನು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗವನ್ನು ಅಭ್ಯಸಿಸಿ ಈ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ಬೆಳೆ ಉಳಿಯಿತು, ಸಿಂಪಡಿಸುವವನ ಬಟ್ಟೆ ನೀಲಿಯಾಯಿತು. ಮಳೆಗೆಂದು ಹುಟ್ಟಿದ ಹಳೆಯ ಉಡುಪಿನಲ್ಲಿ ಕಣ್ಣು ಕೈಗಳನ್ನು ಔಷಧದಿಂದ ಕಾಯುವ ಉಪಾಯವಿರಲಿಲ್ಲ. ಹಳೆಯದೆಲ್ಲವೂ ಪರಿಪೂರ್ಣವೆನ್ನುವವರು ಇದನ್ನು ಗಮನಿಸಬೇಕು.

1933ರಲ್ಲಿ ಇಂಗ್ಲೆಂಡಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ದೊರೆಯಿತು. ಕಾಲಕ್ರಮದಲ್ಲಿ ಅದರ ಹಾಳೆ ನಮ್ಮ ಗದ್ದೆ ತೋಟಗಳಿಗೂ ಬಂದು ಕೊಪ್ಪೆಯಾಯಿತು, ಅಡಕೆಗೊನೆಯ ಕೊಟ್ಟೆಯೂ ಆಯಿತು. ಆಕಾರ ಅಜ್ಜನದು, ವಸ್ತು ಮಾತ್ರ ಹೊಸದು. ಹಗುರವೂ ಅಗ್ಗವೂ ಆದ ಇದನ್ನು ಹೊದ್ದವರನ್ನು ದೂಷಿಸಲಾಗದು. ಆದರೆ ಒಳಗೆ ಬೆವರು ನಿಲ್ಲುತ್ತದೆ. ಹರಿದ ಚೂರು ಮಣ್ಣಿನಲ್ಲಿ ಕೊಳೆಯದೆ ಉಳಿಯುತ್ತದೆ. ಬ್ಯಾಂಕಿನ ಲೆಕ್ಕ ಬರೆಯುವ ನಮ್ಮಂಥವರ ಭಾಷೆಯಲ್ಲಿ ಹೇಳುವುದಾದರೆ, ಹಾಳೆ ಗೋಣಿಗಳ ಖಾತೆ ಗೊಬ್ಬರವಾಗಿ ಮಣ್ಣಿಗೆ ಜಮೆಯಾಗಿ ಮುಗಿಯುತ್ತಿತ್ತು. ಪ್ಲಾಸ್ಟಿಕ್ಕಿನ ಖಾತೆಯಲ್ಲಿ ಬಾಕಿ ತೀರುವುದೇ ಇಲ್ಲ. ಕೈ ಕಣ್ಣುಗಳನ್ನೂ ಕಾಯುವ, ಕೊನೆಗೆ ಮಣ್ಣಿಗೇ ಮರಳುವ ಉಡುಪನ್ನು ರೂಪಿಸುವ ಕೆಲಸ ಇನ್ನೂ ಉಳಿದಿದೆ.

ಇಂದು ನಗರದ ಸಮಾರಂಭಗಳಲ್ಲಿ ನಾವು ಹಾಳೆತಟ್ಟೆಯಲ್ಲಿ ಉಣ್ಣುತ್ತೇವೆ; ನಮ್ಮ ಮಕ್ಕಳು ಹಾಳೆಟೋಪಿ ಧರಿಸಿ ರಂಗದ ಮೇಲೆ ಕುಣಿಯುತ್ತಾರೆ. ಕುಣಿತ ಮುಗಿದ ಮೇಲೆ ಅದರ ಹೆಸರನ್ನೂ ಕೆಲಸವನ್ನೂ ಅವರಿಗೆ ತಿಳಿಸೋಣ. ಒಂದು ಚೀಲ ಕೊಟ್ಟು, ಕೊಪ್ಪೆ ಮಡಚುವುದು ಹೇಗೆಂದು ಮನೆಯ ಹಿರಿಯರನ್ನು ಕೇಳೋಣ. ಆ ಪದಗಳನ್ನು ಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ.