ಹರಿಗೋಲಿನ ಪೂರ್ವಚರಿತ್ರೆ

ಶತಮಾನ ಕಂಡ ಕಟ್ಟಡದ ಚರಿತ್ರೆಯನ್ನು ಅರಿಯುವುದು ಅಷ್ಟೇನೂ ಕಷ್ಟವಲ್ಲ. ಅಡಿಗಲ್ಲಿನ ಮೇಲೆ ಇಸವಿಯಿರುತ್ತದೆ; ದಫ್ತರದಲ್ಲಿ ಲೆಕ್ಕವಿರುತ್ತದೆ. ಪುರಾತನವಾದ ಮರದ ದೋಣಿಗೂ ಇಂತಹ ಗುರುತುಗಳುಂಟು. ಮರದ ಜಾತಿ, ಹಲಗೆಗಳ ಜೋಡಣೆ, ಮೊಳೆಯ ಬಗೆ ಇವುಗಳಿಂದ ಅದು ಎಲ್ಲಿಯದು, ಎಂದಿನದು ಎಂಬುದನ್ನು ಬಲ್ಲವರು ಊಹಿಸಬಲ್ಲರು. ಆದರೆ ಬಳಿಚಕ್ರದ ಈ ನಮ್ಮ ಸೀಮೆಯಲ್ಲಿ ಭೀಮಾ, ಕೃಷ್ಣಾ ನದಿಗಳನ್ನು ತಲೆಮಾರುಗಳ ಕಾಲ ದಾಟಿಸಿದ ಹರಿಗೋಲಿಗೆ ಅಡಿಗಲ್ಲೂ ಇಲ್ಲ, ದಫ್ತರವೂ ಇಲ್ಲ. ಬಿದಿರು ಮುರಿಯುತ್ತದೆ, ತೊಗಲು ಕೊಳೆಯುತ್ತದೆ. ಆದುದರಿಂದ ಹರಿಗೋಲಿನ ಚರಿತ್ರೆಯನ್ನು ನಾವು ದೋಣಿಯಲ್ಲಿ ಹುಡುಕದೆ ಅದನ್ನು ಕಟ್ಟುವ ಕ್ರಮದಲ್ಲಿ ಹುಡುಕಬೇಕಾಗುತ್ತದೆ.

ಆ ಕ್ರಮ ಹೀಗಿದೆ. ಬಿದಿರನ್ನು ಉದ್ದಕ್ಕೆ ಸೀಳಿ, ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡವಾಗಿ ಹೆಣೆಯುತ್ತಾರೆ. ಅಂಚುಗಳನ್ನು ಮೇಲಕ್ಕೆ ಬಾಗಿಸಿ ಬುಟ್ಟಿಯ ಆಕಾರ ಕೊಡುತ್ತಾರೆ. ಬಾಯಿಯ ಸುತ್ತ ದಬ್ಬೆಗಳ ಕಟ್ಟನ್ನು ಬಿಗಿದು ಬಳೆಯಂತೆ ಬಲಪಡಿಸುತ್ತಾರೆ. ಹೊರಗಡೆ ನೀರು ತಡೆಯುವ ಹೊದಿಕೆ. ಇದಕ್ಕೆ ಮೂತಿಯೂ ಇಲ್ಲ, ಹಿಂಬದಿಯೂ ಇಲ್ಲ; ಅಂಬಿಗನ ಹುಟ್ಟೇ ದಿಕ್ಕು.

ಈ ಕ್ರಮ ಎಷ್ಟು ಹಳೆಯದು? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ನದಿ ದಾಟಿಸುವ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಾಗಿದ್ದವು, ಹೊರಗೆ ತೊಗಲು ಹೊದಿಸಿತ್ತು, ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರು, ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತಿದ್ದವು ಎಂಬುದು ಅವನ ಮಾತು. ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಗಳೇ ಇಲ್ಲವೆಂದೂ ಅವನು ಬರೆದಿದ್ದಾನೆ. ಐನೂರು ವರ್ಷಗಳ ಹಿಂದಿನ ಈ ವರ್ಣನೆಯಿಂದ ಇಂದಿನ ಹರಿಗೋಲನ್ನು ನಾವು ಸುಲಭವಾಗಿ ಗುರುತಿಸಬಹುದು.

ಹೊರಜಗತ್ತಿನಲ್ಲಿಯೂ ಇದರ ಬಂಧುಗಳಿವೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬಾಬಿಲೋನಿಗೆ ಸರಕು ತರುತ್ತಿದ್ದ ದುಂಡು ತೊಗಲುದೋಣಿಗಳ ವಿಚಾರ ಹೇಳುತ್ತಾನೆ. ವರ್ತಕರು ಅಲ್ಲಿ ಚೌಕಟ್ಟನ್ನು ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಮರಳುತ್ತಿದ್ದರಂತೆ. ಇರಾಕಿನ 'ಗುಫಾ' ಎಂಬ ದೋಣಿಯೂ ದುಂಡಗಿನದೇ; ಆದರೆ ಅದು ಸಿಂಬಿಯಂತೆ ಸುತ್ತಿ ಹೊಲಿದ ಬುಟ್ಟಿ, ಮೇಲೆ ಡಾಂಬರಿನ ಲೇಪ. ನಮ್ಮದು ಅಡ್ಡಹೆಣಿಗೆಯದು. ರೂಪ ಒಂದಾದರೂ ಕಟ್ಟುವ ವಿಧಾನ ಬೇರೆ. ಬುಟ್ಟಿಗೆ ಅಂಟು ಬಳಿದು ನೀರಿನಲ್ಲಿ ತೇಲಿಸುವ ಉಪಾಯವಂತೂ ಅತಿ ಪ್ರಾಚೀನ. ಶಿಶು ಮೋಶೆಯನ್ನು ನೈಲ್ ನದಿಯ ಜೊಂಡಿನ ನಡುವೆ ಇರಿಸಿದ ಬುಟ್ಟಿಯ ವೃತ್ತಾಂತವನ್ನು ವಾಚಕರೆಲ್ಲರೂ ಬಲ್ಲರು.

ಹರಿಗೋಲಿನ ಕಾಲಮಾನವನ್ನು ತೋರುವುದು ಅದರ ಹೊದಿಕೆ. ಪಾಯಸನ ಕಾಲದಲ್ಲಿ ತೊಗಲಿತ್ತು. ಈಚೆಗೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಆ ಸ್ಥಾನಕ್ಕೆ ಬಂದವು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಸಣ್ಣ ಬುಟ್ಟಿದೋಣಿಗಳಲ್ಲಿಯೂ ತೊಗಲು ಹೋಗಿ ಡಾಂಬರು ಬಳಿದ ಬಟ್ಟೆ ಬಂದಿತು. ಚರ್ಮ ಬದಲಾಯಿತು, ಎಲುಬು ಬದಲಾಗಲಿಲ್ಲ.

ಬದಲಾದದ್ದು ಹರಿಗೋಲಿನ ಅಗತ್ಯ. 1871ರಲ್ಲಿ ರೈಲುಮಾರ್ಗವು ಯಾದಗಿರಿಯ ಮೂಲಕ ಕೃಷ್ಣೆಯನ್ನು ದಾಟಿ ರಾಯಚೂರನ್ನು ಮುಟ್ಟಿತು. 1943ರಲ್ಲಿ ದೇವಸೂಗೂರಿನ ಬಳಿ ರಸ್ತೆಯ ಸೇತುವೆ ಪೂರ್ಣಗೊಂಡಿತು. ಸೇತುವೆಗಳು ಜನರ ಪ್ರಾಣ ಉಳಿಸಿದವು. ಅದಕ್ಕಾಗಿ ನಾವು ಕೃತಜ್ಞರು. ಆದರೆ ಸೇತುವೆ ಬಂದೆಡೆ ಹರಿಗೋಲು ಕಟ್ಟುವ ಕೈಗೆ ಕೆಲಸ ತಪ್ಪುತ್ತದೆ. ಮರದ ದೋಣಿ ಮೂಲೆಗೆ ಬಿದ್ದರೂ ಅದನ್ನು ನೋಡಿ ಮತ್ತೊಂದನ್ನು ಮಾಡಬಹುದು. ಹರಿಗೋಲಿಗೆ ಆ ಭಾಗ್ಯವಿಲ್ಲ. ಒಂದು ತಲೆಮಾರು ಕಟ್ಟದಿದ್ದರೆ ಮುಂದಿನವರಿಗೆ ನೋಡಲು ಮಾದರಿಯೂ ಉಳಿಯದು.

ಆದುದರಿಂದ ನಮ್ಮ ಹಿರಿಯರಲ್ಲಿ ಹರಿಗೋಲು ಕಟ್ಟಿದವರು, ಹುಟ್ಟು ಹಾಕಿದವರು ಇದ್ದರೆ, ದಬ್ಬೆ ಎಷ್ಟು, ಅಗಲ ಎಷ್ಟು ಮೊಳ, ಬಿದಿರು ಎಲ್ಲಿಂದ ಬಂದಿತು, ತೊಗಲನ್ನು ಹೇಗೆ ಹೊಲಿದರು ಎಂಬುದನ್ನು ಕೇಳಿ ಬರೆದಿಡೋಣ. ಹರಿಗೋಲಿಗೆ ಅದೇ ಅಡಿಗಲ್ಲು.