ಬುಡಾಪೆಸ್ಟಿನ ವಿದ್ಯಾಪೀಠವೂ ಈಜುಗಾರನೂ

ಹಂಗೆರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರವು ಡಾನ್ಯೂಬ್ ಮಹಾನದಿಯ ಎರಡು ದಡಗಳಲ್ಲಿಯೂ ಹಬ್ಬಿರುವುದು. ಅಲ್ಲಿಯ ಯೆಹೂದಿ ಮನೆತನವೊಂದರಲ್ಲಿ 1878ರಲ್ಲಿ ಜನಿಸಿದ ಆರ್ನಾಲ್ಡ್ ಗುಟ್‌ಮನ್ ಎಂಬ ಬಾಲಕನು ಹದಿಮೂರನೆಯ ವಯಸ್ಸಿನಲ್ಲಿ ತನ್ನ ತಂದೆಯನ್ನು ಆ ನದಿಯ ಪಾಲುಮಾಡಿದನು. ತಂದೆಯನ್ನು ನುಂಗಿದ ನೀರಿಗೆ ಬೆನ್ನು ತಿರುಗಿಸದೆ ಈಜನ್ನು ಅಭ್ಯಾಸಮಾಡಿ, ನಾವಿಕನೆಂಬರ್ಥದ ಹಾಯೋಶ್ ಎಂಬ ಹೆಸರನ್ನು ತಳೆದನು. ಆಲ್ಫ್ರೆಡ್ ಹಾಯೋಶ್ ಎಂದೇ ಲೋಕವು ಈತನನ್ನು ಬಲ್ಲುದು.

1896ರಲ್ಲಿ ಅಥೆನ್ಸ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ಪುನರುಜ್ಜೀವನಗೊಂಡಾಗ ಹಾಯೋಶನು ಹದಿನೆಂಟು ವರ್ಷದ ವಾಸ್ತುವಿದ್ಯಾರ್ಥಿ. ಆಗ ಈಜುವುದಕ್ಕೆ ಕಟ್ಟಿದ ಕೊಳವಿರಲಿಲ್ಲ. ಸ್ಪರ್ಧೆ ನಡೆದುದು ತೆರೆದ ಕಡಲಿನಲ್ಲಿ, ಏಪ್ರಿಲ್ ತಿಂಗಳಿನಲ್ಲಿ. ನೀರಿನ ಉಷ್ಣತೆ ಸುಮಾರು 13 ಡಿಗ್ರಿ. 100 ಮೀಟರಿನ ಈಜನ್ನು ಗೆದ್ದ ಮೇಲೆ, 1200 ಮೀಟರಿನ ಸ್ಪರ್ಧೆಗಾಗಿ ಮೈಗೆಲ್ಲ ಕೊಬ್ಬನ್ನು ದಪ್ಪವಾಗಿ ಬಳಿದುಕೊಂಡು ದೋಣಿಯನ್ನೇರಿದನು. ದೋಣಿಯವರು ಸ್ಪರ್ಧಾಳುಗಳನ್ನು ದೂರದ ನೀರಿಗೆ ಇಳಿಸಿದರು. ದಡವನ್ನು ಸೇರುವುದು ಅವರವರ ಪಾಡು. ಗೆಲ್ಲಬೇಕೆಂಬ ಆಸೆಗಿಂತ ಬದುಕಬೇಕೆಂಬ ಆಸೆಯೇ ತನ್ನನ್ನು ದಡಕ್ಕೆ ತಂದಿತೆಂದು ಈತನು ಮುಂದೆ ಹೇಳಿಕೊಂಡನು. ಆ ಈಜಿಗೆ ಹಿಡಿದ ಕಾಲ 18 ನಿಮಿಷ 22 ಸೆಕೆಂಡು.

ಎರಡು ಜಯಗಳನ್ನು ಹೊತ್ತು ಊರಿಗೆ ಮರಳಿದಾಗ ವಿದ್ಯಾಪೀಠದ ಮುಖ್ಯಾಧ್ಯಾಪಕರು, ನಿನ್ನ ಪದಕಗಳಿಂದ ನನಗೇನೂ ಆಗಬೇಕಾದುದಿಲ್ಲ, ಮುಂದಿನ ಪರೀಕ್ಷೆಯಲ್ಲಿ ನೀನು ಕೊಡುವ ಉತ್ತರಗಳನ್ನು ಕೇಳಲು ಕಾದಿದ್ದೇನೆ ಎಂಬರ್ಥದ ಮಾತನ್ನಾಡಿದರೆಂದು ಪ್ರತೀತಿ. ಉಪಾಧ್ಯಾಯ ವೃತ್ತಿಯಲ್ಲಿ ತಲೆ ನರೆಸಿಕೊಂಡ ನಮ್ಮಂಥವರಿಗೆ ಈ ಧಾಟಿಯ ಮಾತು ಅಪರಿಚಿತವೇನಲ್ಲ. ಎರಡು ವರ್ಷ ಕಳೆದು 1898ರಲ್ಲಿ ನಗರದ ವಿಶ್ವವಿದ್ಯಾನಿಲಯದಲ್ಲಿಯೇ ವಿದ್ಯಾರ್ಥಿಗಳ ವ್ಯಾಯಾಮ ಸಂಘವೊಂದು ಹುಟ್ಟಿತು. ಹಾಯೋಶನಾದರೋ ಪರೀಕ್ಷೆಗಳನ್ನು ಮುಗಿಸಿ, ನಡುವೆ ಕಾಲ್ಚೆಂಡಾಟದಲ್ಲಿಯೂ ಹೆಸರುಗಳಿಸಿ, ವಾಸ್ತುಶಿಲ್ಪಿಯಾದನು.

ಆದರೆ 1920ರಲ್ಲಿ ಹಂಗೆರಿಯ ಶಾಸನಸಭೆಯು ಒಂದು ಕಾಯಿದೆಯನ್ನು ಮಾಡಿತು. ಅದರ ಒಕ್ಕಣೆಯಲ್ಲಿ ಯೆಹೂದಿ ಎಂಬ ಹೆಸರೆತ್ತದಿದ್ದರೂ, ಉನ್ನತ ವಿದ್ಯೆಗೆ ಸೇರುವ ಯೆಹೂದಿಗಳು ತಮ್ಮ ಜನಸಂಖ್ಯೆಯ ಪ್ರಮಾಣವನ್ನು, ಎಂದರೆ ಸುಮಾರು ಶೇಕಡಾ 6ನ್ನು, ಮೀರಬಾರದೆಂಬುದೇ ಅದರ ತಾತ್ಪರ್ಯ. ಹಾಯೋಶನು ಇಪ್ಪತ್ತೈದು ವರ್ಷ ತಡವಾಗಿ ಹುಟ್ಟಿದ್ದರೆ ಪರೀಕ್ಷೆಯವರೆಗೆ ಹೋಗುವ ಮಾತಿರಲಿ, ಬಾಗಿಲಿನಲ್ಲಿಯೇ ನಿಲ್ಲಬೇಕಾಗುತ್ತಿತ್ತೋ ಏನೋ! ಅದೇ ದೇಶದ ಹೆಸರಿನಲ್ಲಿ 1924ರ ಪ್ಯಾರಿಸ್ ಒಲಿಂಪಿಕ್ ಕೂಟದ ವಾಸ್ತುಶಿಲ್ಪ ಸ್ಪರ್ಧೆಗೆ ಈತನೂ ದೆಝೂ ಲೌಬರನೂ ಕ್ರೀಡಾಂಗಣವೊಂದರ ನಕ್ಷೆಯನ್ನು ಕಳುಹಿಸಿದರು. ಸ್ವರ್ಣಪದಕವನ್ನು ಯಾರಿಗೂ ಕೊಡಲಿಲ್ಲ, ರಜತಪದಕವು ಇವರದಾಯಿತು.

1930ರಲ್ಲಿ ಡಾನ್ಯೂಬಿನ ನಡುಗಡ್ಡೆಯಾದ ಮಾರ್ಗರೆಟ್ ದ್ವೀಪದಲ್ಲಿ ಈತನು ರಚಿಸಿದ ಈಜುಗೊಳವು ಸಿದ್ಧವಾಯಿತು. ಕಡಲ ಚಳಿಯಲ್ಲಿ ಮೈ ಮರಗಟ್ಟಿದವನಲ್ಲವೇ? ಮಾಡಿನ ಕೆಳಗೆ, ಚಳಿಗಾಲದಲ್ಲಿಯೂ ಈಜುವುದಕ್ಕೆ ಅಲ್ಲಿ ಅನುಕೂಲವಿದ್ದಿತು. 1936ರ ಬರ್ಲಿನ್ ಕೂಟದಲ್ಲಿ 100 ಮೀಟರಿನ ಈಜನ್ನು ಗೆದ್ದವನು ವೈದ್ಯವಿದ್ಯೆಯನ್ನೋದಿದ ಫೆರೆಂಟ್ಸ್ ಚಿಕ್, ಆ ವಿಶ್ವವಿದ್ಯಾನಿಲಯ ಸಂಘದ ಈಜುಗಾರ. ಯುದ್ಧದ ಕೊನೆಯ ದಿನಗಳಲ್ಲಿ, 1945ರ ಮಾರ್ಚಿಯಲ್ಲಿ, ಶೋಪ್ರೋನ್ ಪಟ್ಟಣದ ಮೇಲೆ ಬಿದ್ದ ಬಾಂಬುಗಳಿಗೆ ಆ ವೈದ್ಯನು ಬಲಿಯಾದನು. ಹಾಯೋಶನು 1955ರವರೆಗೆ ಜೀವಿಸಿದ್ದನು. ದ್ವೀಪದ ಈಜುಗೊಳಕ್ಕೆ ಈಗ ಈತನ ಹೆಸರೇ ಇರುವುದು.